ತೂಕ ಏರದ ಕೂಸು

ದವಾಖಾನಿ ಕೆಲಸದಾಗ ಇದ್ದವರಿಗೆ ಇಂಥವು ತಪ್ಪೂದಿಲ್ಲ. ನಗಬೇಕಂತ ಬಾಯಿ ತಗದ್ರ ಮೈ ಜುಮ್ಮ ಅಂತೈತಿ, ಅಂಜಿ ಓಡಬೇಕಂತ ಕಾಲ ಎತ್ತಿದ್ರ ನಗು ಬರತೈತಿ. ಮೂವತ್ತು ವರ್ಷ ನರ್ಸಿಂಗ್ ಹುಡುಗ್ಯಾರಿಗೆ ಪಾಠ ಹೇಳಿದೆ. ‘ಮಾನವ ಬೆಳವಣಿಗೆ’, ‘ಆರೋಗ್ಯ ವರ್ತನೆ’ ಅನ್ನೂ ಎರಡು ಪಾಠ ಬಂದ್ವಂದ್ರ ಪುಸ್ತಕ ಮುಚ್ಚಿ ಇದನ್ನ ಹೇಳತಿದ್ದೆ. ಕಡೀ ಬೆಂಚಿನ್ಯಾಗ ತೂಕಡಸೂ ಹುಡುಗ್ಯಾರೂ ಎದ್ದ ಕುಂದರತಿದ್ರು.

ಎಂಬತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ನಾ ಅಥಣಿ ಕಡೆ ಹುಡುಗಿ, ಚಿಕ್ಕೋಡ್ಯಾಗ ನರ್ಸಿಂಗ್ ಕಲಿಯಾಕ ಬಂದಿದ್ದೆ. ಎರಡನೇ ವರ್ಷಕ್ಕ ಒಬ್ಬೊಬ್ಬರಿಗೆ ಒಂದೊಂದು ಮನಿ ಹಚ್ಚಿ ಕೊಡತಿದ್ರು. ಆ ಮನ್ಯಾಗ ಆಗಷ್ಟ ಹುಟ್ಟಿದ ಕೂಸು ಇರಬೇಕು. ಒಂದು ವರ್ಷ ಅದರ ಬೆನ್ನ ಹತ್ತಿ ತೂಕ, ಊಟ, ನಗು, ಅಳು, ಸೂಜಿ ಎಲ್ಲಾ ಫೈಲಿನ್ಯಾಗ ಬರೀಬೇಕು. ವರ್ಷದ ಕಡೀಕ ಹೊರಗಿನ ಪರೀಕ್ಷಕರು ಅದ ಮನೀಗೆ ಬಂದು ಪರೀಕ್ಷಾ ತಗೋತಿದ್ರು. ನಮ್ಮಪ್ಪ ಮೊದಲ ಹೇಳಿ ಕಳಿಸಿದ್ದ, “ಒಂದ ಸಲ ನಪಾಸಾದ್ರೂ ಸೀದಾ ಮನೀಗೆ ಬಾ, ವರ ನೋಡಿಟ್ಟೇನಿ” ಅಂತ. ಆ ವರನ ಫೋಟೋ ನಾ ನೋಡಿದ್ದೆ. ಅದಕ್ಕ ಭಾಳ ಮನಸ್ಸಿಟ್ಟು ಓದತಿದ್ದೆ.

ನನಗ ಬಂದ ಮನಿ ರಾಯಬಾಗ ಕಡೆ ಒಂದು ಹಳ್ಳ್ಯಾಗ ಇತ್ತು. ಊರಿನ ಮೂರ ದಿಕ್ಕಿಗೂ ಕಬ್ಬು. ಮಧ್ಯಾಹ್ನ ಮಂದಿ ಎಲ್ಲಾ ಹೊಲಕ್ಕ ಹೋಗ್ಯಾರ ಅಂದ್ರ ಓಣ್ಯಾಗ ಒಂದ ನಾಯಿ ಸುದ್ದಾ ಇರತಿದ್ದಿಲ್ಲ. ಗಾಳಿ ಇಲ್ಲದಿದ್ರೂ ಕಬ್ಬಿನ ಒಣ ಎಲಿ ರವದಿ ಸರಾಸರಾ ಅಂತಿತ್ತು, ಹಿಂದ ಯಾರೋ ಬರಾಕತ್ತಾರ ಅನ್ನೂ ಹಂಗ. ಪ್ರತಿ ಗುರುವಾರ ಟೆಂಪೋ ಇಳದು ಆ ಓಣಿ ಅಷ್ಟನ್ನೂ ನಾ ಹಿಂದ ನೋಡದ ನಡೀತಿದ್ದೆ.

ಶಾಂತ ಸ್ವಭಾವದ ಕೂಸು

ಮನ್ಯಾಗ ಮೂರ ಮಂದಿ. ಮುದುಕಿ, ಆಕೀಗೆ ಎಲ್ಲಾರೂ ಆಯಿ ಅಂತಿದ್ರು. ಆಕಿ ಮಗ, ಯಾವಾಗಲೂ ಹೊಲದಾಗ. ಮತ್ತ ಸೊಸಿ, ಒಂದ ಮಾತೂ ಆಡದಾಕಿ. ಆ ಮನ್ಯಾಗ ಮೊದಲ ಎರಡು ಕೂಸು ಹುಟ್ಟಿ ಹೋಗ್ಯಾವ ಅಂತ ಟೆಂಪೋದಾಗಿನ ಹೆಣ್ಮಕ್ಕಳು ನನ್ನ ಕಿವ್ಯಾಗ ಊದಿದ್ರು.

“ಬರ್ರಿ ನರಸಬಾಯಿ, ಕೂಸು ಮಲಗೇತಿ” ಅಂದ್ಲು ಆಯಿ.

ಒಳಗ ಕತ್ತಲ ಖೋಲ್ಯಾಗ ತೊಟ್ಟಿಲಾ. ತೊಟ್ಟಿಲದಾಗ ಕೌದಿ ಸುತ್ತಿ, ಕುಂಚಿಗಿ ಕಟ್ಟಿದ ಕೂಸು. ಮುಖದ ಮ್ಯಾಲೂ ಅರಿವಿ. ನಾ ಸರಸಾಕ ಹೋದ್ರ, “ಮುಖ ನೋಡಬ್ಯಾಡ್ರಿ, ದೃಷ್ಟಿ ಆಗತೈತಿ” ಅಂದ್ಲು. ಜಂತಿಗೆ ತಕ್ಕಡಿ ಕಟ್ಟಿದೆ. ಆಯಿ ತಾನ ಎತ್ತಿ ಇಟ್ಲು. ನಾಕ ಕಿಲೋ. ಛಲೋ ತೂಕ.

“ಭಾಳ ಅಳತೈತೇನ?”

“ಇಲ್ಲವಾ. ಒಮ್ಮೆನೂ ಅತ್ತಿಲ್ಲ.”

“ಹಾಲ ಕುಡೀತೈತಿ?”

“ಕೊಟ್ರ ಬ್ಯಾಡ ಅನ್ನೂದಿಲ್ಲ.”

“ನಿದ್ದಿ?”

“ಇಟ್ಟಲ್ಲೇ ಇರತೈತಿ.”

“ಹೆಸರು?”

“ಗುಂಡ.”

ಅಷ್ಟರಾಗ ಒಂದು ಕೂಸು ಅತ್ತಿತು. ತೊಟ್ಟಿಲದಾಗಿಂದಲ್ಲ, ಗ್ವಾಡಿ ಒಳಗಿಂದ ಬಂದಂಗ ಇತ್ತು. ನನ್ನ ಕೈಯಾಗಿನ ಪೆನ್ ಅಲ್ಲೇ ನಿಂತಿತು. “ಯಾರ ಕೂಸು ಆಯಿ ಅದು?” ಅಂದೆ. “ಯಾವ ಕೂಸು? ನನಗೇನೂ ಕೇಳಲಿಲ್ಲ” ಅಂದ್ಲು. ಸೊಸೀನ ನೋಡಿದೆ. ಆಕಿ ಜ್ವಾಳ ಹಸನ ಮಾಡಾಕತ್ತಿದ್ದಾಕಿ ತಲಿ ಎತ್ತಲಿಲ್ಲ. ಆದ್ರ ಆಕಿ ಕುಪ್ಪಸದ ಮುಂದ ಹಾಲ ಸೋರಿ ಒದ್ದಿ ಆಗಿತ್ತು. ಆಕಿ ಸೆರಗ ಎಳಕೊಂಡ್ಲು. ನನಗ ಟೆಂಪೋದಾಗಿನ ಮಾತು ನೆನಪಾದ್ವು. ಚೀಲ ಎತ್ತಿಕೊಂಡು ಆ ಓಣ್ಯಾಗ ಹೆಂಗ ಓಡಿದೆ ಅನ್ನೂದು ನನಗ ಗೊತ್ತು.

ಫೈಲಿನ್ಯಾಗ ಮಾತ್ರ ಧೈರ್ಯದಿಂದ ಬರದೆ: “ಕೂಸು ಶಾಂತ ಸ್ವಭಾವದ್ದು. ಮನೀ ಮಂದಿಗೆ ಕಿವಿ ತಪಾಸಣೆ ಮಾಡಿಸುವುದು ಒಳ್ಳೆಯದು.”

ಏರಿದ್ರ ಅಂಜಬೇಕು

ಎರಡನೇ ತಿಂಗಳಾ ತೂಗಿದೆ, ನಾಕ ಕಿಲೋ. ಮೂರನೇ ತಿಂಗಳಾ ತೂಗಿದೆ, ನಾಕ ಕಿಲೋ.

ಇಲ್ಲಿ ನನ್ನ ತಪ್ಪ ಒಪ್ಪಿಕೋತೇನಿ. ಕೂಸಿನ ಮೈ ಮುಟ್ಟಾಕ ಬಿಡತಿದ್ದಿಲ್ಲ, ಫೈಲು ತುಂಬಬೇಕು. ಉಳಿದಿದ್ದನ್ನೆಲ್ಲಾ ಪುಸ್ತಕ ನೋಡಿ ಬರದಿದ್ದೆ. ತಾಯಿ ಮುಖ ನೋಡಿ ನಗತೈತಿ, ಕುತಗಿ ನಿಲ್ಲಸತೈತಿ, ಬೆಳಕಿಗೆ ಕಣ್ಣ ಮಿಟಕಸತೈತಿ. ಬರದಂಗ ಬರದಂಗ ನನಗೂ ಖರೇ ಅನಸಾಕತ್ತಿತ್ತು.

ನಮಗ ಈ ಪಾಠ ಹೇಳತಿದ್ದ ಅಕ್ಕೋರು ಮೈಸೂರು ಕಡೆಯವರು. ಫೈಲು ನೋಡಿ, “ಎಷ್ಟು ಚೆನ್ನಾಗಿ ಗಮನಿಸಿದ್ದೀಯಮ್ಮ” ಅಂತ ಇಡೀ ಕ್ಲಾಸಿಗೆ ಓದಿ ಹೇಳಿದ್ರು. ಆಮ್ಯಾಲ ತೂಕದ ಚಾರ್ಟಿನ ಮ್ಯಾಲ ಬೆರಳ ಇಟ್ರು. “ಏರಿಲ್ಲ, ಸರಿ. ಆದರೆ ಒಂದು ಗ್ರಾಂ ಇಳಿದೂ ಇಲ್ಲವಲ್ಲ? ಕಾಯಿಲೆ ಮಗುವಾದರೂ ಹೀಗಿರೋದಿಲ್ಲ. ಮುಂದಿನ ಗುರುವಾರ ಬಟ್ಟೆ ಬಿಚ್ಚಿಸಿ ತೂಗು.”

ಗುರುವಾರ ಹೋಗಿ ಬಾಗಲದಾಗ ನಿಂತೇ ಕೇಳಿದೆ, “ಆಯಿ, ನಿಮ್ಮ ಗುಂಡನ ತೂಕ ಏರವಲ್ದಲ್ಲ?”

ಆಯಿ ಹಲ್ಲಿಗೆ ತಂಬಾಕಿನ ಮಶೇರಿ ಹಚ್ಚತಿದ್ದಾಕಿ ಕೈ ಬಟ್ಟ ಬಾಯಿಂದ ತಗದು ಹೇಳಿದ್ಲು, “ಅದರ ತೂಕ ಏರಿದ್ರ ಅಂಜಬೇಕ ನರಸಬಾಯಿ.”

ತಾನ ತೂಗೂ ತೊಟ್ಟಿಲಾ

ಆಯಿ ಬಾಯಿ ತೊಳ್ಕೊಳ್ಳಾಕ ಹಿತ್ತಲಕ್ಕ ಹೋದ್ಲು. ನಾ ಒಳಗ ಹೋದೆ. ಖೋಲ್ಯಾಗ ಯಾರೂ ಇಲ್ಲ, ತೊಟ್ಟಿಲಾ ತೂಗಾಕತ್ತೈತಿ. ಒಂದ ಹದಕ್ಕ, ಕಿರಕ್ ಕಿರಕ್ ಅಂತ. ಕೈ ಮುಗದು, ನಮ್ಮ ಮನಿ ದೇವರ ಹೆಸರೆಲ್ಲಾ ಒಂದ ಉಸರಿನ್ಯಾಗ ಹೇಳಿ, ಮುಖದ ಮ್ಯಾಲಿನ ಅರಿವಿ ತಗದೆ.

ಕರೀ ಕಲ್ಲ. ಒಳ್ಳಿನ್ಯಾಗ ರುಬ್ಬೂ ಗುಂಡಕಲ್ಲ. ಅದಕ್ಕ ಕಾಡಿಗಿಲೇ ಕಣ್ಣ ಬರದಾರ, ಹಣೀಗೆ ಕುಂಕುಮ, ಗಲ್ಲಕ್ಕ ದೃಷ್ಟಿ ಬೊಟ್ಟು. ಅದು ನನ್ನ ನೋಡಾಕತ್ತಿತ್ತು. ಅದ ಹೊತ್ತಿಗೆ ಗ್ವಾಡಿ ಒಳಗಿಂದ ಒಂದು ಕೂಸು ಕಿಲಕಿಲ ನಕ್ಕಿತು.

ನಾ ಒದರಿದ್ದು ಕಬ್ಬಿನ ಹೊಲದಾಗಿನ ಮಂದಿಗೆ ಕೇಳಿಸ್ತಂತ. ಆಯಿ ಸಾವಕಾಶ ಒಳಗ ಬಂದು, ಅರಿವಿ ಮತ್ತ ಕಲ್ಲಿನ ಮಾರೀ ಮ್ಯಾಲ ಹೊಚ್ಚಿ, “ಎಬ್ಬಿಸಬ್ಯಾಡ್ರಿ, ಈಗ ಮಲಗೇತಿ” ಅಂದ್ಲು.

ಆಮ್ಯಾಲ ನನ್ನ ಕೂಡಿಸಿ, ಚಾ ಕೊಟ್ಟು, ಎಲ್ಲಾ ಹೇಳಿದ್ಲು. ಮೊದಲಿನ ಕೂಸು ಎಂಟನೇ ದಿವಸ ದವಡಿ ಕಟ್ಟಿ ಹೋತು. ಎರಡನೇದ್ದು ದಡಾರಕ್ಕ ಹೋತು. ಮೂರನೇದ್ದು ಗಂಡು ಹುಟ್ಟಿದ ಕೂಡಲೇ, ಇದಾದ್ರೂ ಉಳೀಲಿ ಅಂತ, ಅದನ್ನ ಗ್ವಾಡಿ ಆಚಿ ಕಡೆ ಕುರಿ ಹಟ್ಟ್ಯಾಗಿನ ಹೆಣ್ಮಗಳಿಗೆ ಒಂದ ಬೊಗಸಿ ಜ್ವಾಳದ ನುಚ್ಚಿಗೆ ಮಾರಿಬಿಟ್ಟಾರ. ಈಗ ಅದು ಆಕಿ ಕೂಸು. ಸೊಸಿ ಹಿತ್ತಲ ಬಾಗಲಿಂದ ಹೋಗಿ ಮೊಲಿ ಕೊಟ್ಟು ಬರತಾಳ, ನೆರಿಮನ್ಯಾಕಿ ಹಂಗ. ಮಂದಿ ಮುಂದ ಎತ್ತಿಕೊಳ್ಳೂದಿಲ್ಲ, ಮಗ ಅನ್ನೂದಿಲ್ಲ. ತೊಟ್ಟಿಲದ ಹಗ್ಗ ಗ್ವಾಡಿ ಕಿಂಡ್ಯಾಗಿಂದ ಹಟ್ಟಿಗೆ ಹೋಗಿತ್ತು. ಅಲ್ಲಿ ಮಗನ್ನ ಮಲಗಿಸಿಗೋತ ಸೊಸಿ ಇಲ್ಲಿ ಕಲ್ಲ ತೂಗತಿದ್ಲು. ವರ್ಷ ತುಂಬಿ ಜವಳದ ಕೂದಲಾ ತಗದ ದಿವಸ ನುಚ್ಚ ಕೊಟ್ಟು ಕೂಸಿನ್ನ ಹೊಳ್ಳಿ ಕೊಳ್ಳೂದು.

“ನಮ್ಮ ತೊಟ್ಟಿಲದಾಗ ಇರೂದು ಇದ ನೋಡ್ರಿ” ಅಂದ್ಲು ಆಯಿ. “ಬರೂದು ಬಂದ್ರ ಇದನ್ನ ನೋಡಿ ಹೋಗಲಿ.”

ನಾ ವಿದ್ಯಾರ್ಥಿನಿ ನೋಡ್ರಿ, ಬಾಯಿಂದ ಬಂದಿದ್ದು, “ಅಯ್ಯೋ ಆಯಿ, ಕುತಗಿ ನಿಲ್ಲಸತೈತಿ ಅಂತ ಬರದೇನಲ್ಲ ನಾನು!”

ಆಯಿ ನನ್ನ ಮಾರಿ ನೋಡಿದ್ಲು. “ಅದಕ್ಕ ಕುತಗೀನ ಇಲ್ಲ. ನೀವ ಎಲ್ಲಿ ನೋಡಿದ್ರಿ?”

ನಾಲ್ಕನೇ ಮನಿ

ಅಕ್ಕೋರ ಮುಂದ ಎಲ್ಲಾ ಹೇಳಿ ಅತ್ತೆ. ಅವರು ಬೈಯ್ಯಲಿಲ್ಲ. “ಕಲ್ಲಿನ ಪುಟ ಹರಿಬೇಡ, ಇರಲಿ. ಈಗ ನಿಜವಾದ ಮಗು ನೋಡು. ಅದಕ್ಕೆ ಸೂಜಿ ಹಾಕಿಸು” ಅಂದ್ರು.

ಅಲ್ಲಿಂದ ನನ್ನ ಫೈಲಿನ ಚಿಂತಿ ಹಿಂದ ಸರೀತು. ಹಟ್ಟ್ಯಾಗ ಹೋಗಿ ಆ ಕೂಸಿನ್ನ ನೋಡಿದ್ದೆ. ಬೆಚ್ಚಗಿತ್ತು, ನನ್ನ ಕೈ ಬಟ್ಟ ಹಿಡದು ಬಿಡವಲ್ದು. ಒಂದ ಸೂಜಿನೂ ಬಿದ್ದಿರಲಿಲ್ಲ. ಒಂಬತ್ತನೇ ತಿಂಗಳಿಗೆ ದಡಾರದ ಸೂಜಿ ಬೀಳಲಿಲ್ಲಂದ್ರ ಇದೂ ಅಣ್ಣನ ದಾರಿ ಹಿಡೀತೈತಿ ಅನ್ನೂ ಹೆದರಿಕಿ ಹತ್ತಿತು. ತಿಂಗಳಾ ತಿಂಗಳಾ ಕೇಳಿದೆ. ತಿಂಗಳಾ ತಿಂಗಳಾ ಆಯಿ ಬ್ಯಾಡ ಅಂದ್ಲು.

ಆಗ ಕ್ಲಾಸಿನ್ಯಾಗ ಆರೋಗ್ಯ ವರ್ತನೆ ಪಾಠ ನಡದಿತ್ತು. ಮನಷ್ಯಾ ಔಷಧಕ್ಕ ಒಪ್ಪಬೇಕಂದ್ರ ನಾಕು ಮಾತು: ಈ ರೋಗ ನನಗ ಬರತೈತಿ ಅನ್ನಸಬೇಕು, ಬಂದ್ರ ಕೆಟ್ಟದು ಅನ್ನಸಬೇಕು, ಔಷಧದಿಂದ ಛಲೋ ಆಗತೈತಿ ಅನ್ನಸಬೇಕು, ನಡುವಿನ ಅಡ್ಡಿ ಸಣ್ಣದು ಅನ್ನಸಬೇಕು. ನಾ ರಟ್ಟಿನ ಮ್ಯಾಲ ನಾಕ ಮನಿ ಗೆರಿ ಹೊಡದು, ಬಣ್ಣ ಹಚ್ಚಿ, ಆಯಿ ಮುಂದ ಇಟ್ಟೆ.

“ದಡಾರ ನಿಮ್ಮ ಮನೀಗೆ ಬರಬಹುದು, ನಂಬತೀರೇನ?”

“ಬಂದ ಹೋಗೇತಲ್ಲ.”

“ಕೆಟ್ಟದು?”

ಆಯಿ ಸೊಸಿ ಕಡೆ ನೋಡಿದ್ಲು. “ನನ್ನ ಕೇಳ್ತೀರಿ?”

“ಸೂಜಿ ಛಲೋ?”

“ಛಲೋ. ಯಾರ ಅಲ್ಲ ಅಂದ್ರು?”

“ಮತ್ತ ಅಡ್ಡಿ ಏನು? ಜ್ವರ ಬರತಾವಂತ ಅಂಜಿಕೀನ? ಕೂಸು ಅಳತೈತಿ ಅಂತನ?”

“ನಿಮ್ಮ ಪುಸ್ತಕ” ಅಂದ್ಲು ಆಯಿ. “ಸೂಜಿ ಹಾಕಿದ್ರ ಹೆಸರ ಬರಕೋತೀರಿ. ತಾಯಿ ಯಾರು, ತಂದಿ ಯಾರು, ಮನಿ ಯಾವದು ಎಲ್ಲಾ ಬರಕೋತೀರಿ. ಬರದದ್ದನ್ನ ಯಾರರ ಓದಬಹುದಲ್ಲ? ಹಿಂದಿನ ಎರಡೂ ಬರಕೊಂಡಿದ್ರಿ.”

ನಾ ಊರಿನ ಉಪಕೇಂದ್ರಕ್ಕ ಹೋಗಿ ಹಳೇ ರಜಿಸ್ಟರ್ ತಗದು ನೋಡಿದೆ. ಒಂದ ಮನಿ ನಂಬರು, ಒಂದರ ಕೆಳಗ ಒಂದು ಎರಡು ಹೆಸರು. ಎರಡರ ಮ್ಯಾಲೂ ಕೆಂಪ ಶಾಯೀ ಗೆರಿ. ಅದರ ಕೆಳಗ ಒಂದು ಸಾಲ ಖಾಲಿ ಬಿಟ್ಟಿದ್ರು. ಯಾಕ ಬಿಟ್ರು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫ್ಯಾನ್ ಇಲ್ಲ, ಗಾಳಿ ಇಲ್ಲ, ನನಗ ಮಾತ್ರ ಥಂಡಿ ಆತು. ರಜಿಸ್ಟರ್ ಮುಚ್ಚಿ ಅದರ ಮ್ಯಾಲ ಸ್ಟೆತಸ್ಕೋಪ್ ಇಟ್ಟೆ, ಅದು ತಾನ ತೆರಕೋಬಾರದು ಅಂತ.

“ನಾಲ್ಕನೇ ಮನೆ ಯಾಕೆ ಖಾಲಿ ಬಿಟ್ಟಿದ್ದೀಯ? ಅಡ್ಡಿ ಏನು ಅಂತ ಬರಿ” ಅಂದ್ರು ಅಕ್ಕೋರು.

ಪೆನ್ ತಗೊಂಡು ಬರದೆ: “ಅಡ್ಡಿ: ನಾವೇ.”

ಅರ್ಧ ರೊಟ್ಟಿ ವ್ಯವಹಾರ

ಕೂಸಿಗೆ ಒಂಬತ್ತು ತಿಂಗಳಾ ತುಂಬಿದ ವಾರನ ಹಿಂದಿನ ಓಣ್ಯಾಗ ದಡಾರ ಎದ್ದಿತು. ಒಂದ ಮನ್ಯಾಗ ತೊಟ್ಟಿಲಾ ಬಿಚ್ಚಿ ಅಟ್ಟಕ್ಕ ಇಟ್ರು. ನಾ ಹೋದಾಗ ಆಯಿ ಬಾಗಲದಾಗ ನಿಂತಿದ್ಲು, ಮಾರಿ ಕರ್ರಗಾಗಿತ್ತು.

“ಸೂಜಿ ಹಾಕಿಸಬೇಕಾದ್ರ ಮಾಲಕಿನ ಹಾಕಿಸಬೇಕು. ಆಕಿ ಹೆಸರಲೇ ಬರೀಬೇಕು. ನಮ್ಮ ಹೆಸರು ಬ್ಯಾಡ” ಅಂದ್ಲು.

ಮಾಲಕಿ ಎಲ್ಲಿ? ಕುರಿ ಹೊಡಕೊಂಡು ಭೋಜ ಅನ್ನೂ ಊರ ಕಡೆ ಮೇಯಿಸಾಕ ಹೋಗಿದ್ಲು. ಕೂಸಿನ್ನ ಹಟ್ಟ್ಯಾಗ ಬಿಟ್ಟು, ‘ನಾ ಬರೂತನಕ ನೋಡಿಕೋ’ ಅಂತ ಸೊಸಿಗೇ ಹೇಳಿ ಹೋಗಿದ್ಲು, ಆಳಿಗೆ ಹೇಳಿದಂಗ.

ಮರುದಿನ ಮುಂಜಾನೆ ನಿಪ್ಪಾಣಿ ಬಸ್ ಹತ್ತಿ, ಅಲ್ಲಿಂದ ಭೋಜಕ್ಕ ಹೋದೆ. ಕೊಯ್ದ ಹೊಲದ ನಡುವ ಉರಿ ಬಿಸಲಾಗ ನೂರಾರು ಕುರಿ ತಲಿ ಕೆಳಗ ಹಾಕಿ ನಿಂತಿದ್ವು. ಒಂದೂ ಸಪ್ಪಳಿಲ್ಲ. ನಡುವ ಆಕಿ ಒಬ್ಬಾಕಿನ, ಕಂಬಳಿ ಹೊಚ್ಚಿ ಕುಂತಿದ್ಲು. ನಾ ಬಾಯಿ ತೆಗಿಯೂಕಿಂತ ಮೊದಲ, “ಕಾಯ್ ಗ ಪೋರಿ, ಏನ ಹುಡುಗಿ, ಕೂಸಿನ ಸಲವಾಗಿ ಬಂದೀಯಲ?” ಅಂದ್ಲು. ನಾ ಒಂದ ಹೆಜ್ಜಿ ಹಿಂದ ಸರದೆ. “ನಿಮಗ ಹೆಂಗ ಗೊತ್ತಾತು?” ಅಂದೆ.

“ಬಿಳೀ ಸೀರಿ ಉಟಕೊಂಡು ಕುರಿ ಕೊಳ್ಳಾಕ ಯಾರ ಬರತಾರ?”

ಎಲ್ಲಾ ಹೇಳಿದೆ. ಕೇಳಿ, ಕುರಿ ಈಯೂ ದಿವಸ, ಬಿಟ್ಟು ಬರಾಕ ಆಗೂದಿಲ್ಲ ಅಂದ್ಲು. ನನಗ ಅಳು ಬಂತು. ನಾಚಿಕಿ ಬಿಟ್ಟು ಅಲ್ಲೇ ಕುಂತ ಅತ್ತೆ. ಆಕಿ ನೋಡಿ, “ಹಂಗಾರ ನೀನ ಕೊಂಡಬಿಡು. ಕೊಂಡ ಮ್ಯಾಲ ನಿನ್ನ ಕೂಸು, ನಿನ್ನ ಸೂಜಿ, ನಿನ್ನ ಪುಸ್ತಕ. ಏನ ತಂದೀ?” ಅಂದ್ಲು.

ಚೀಲದಾಗ ಹುಡುಕಿದೆ. ಬಸ್ಸಿನ್ಯಾಗ ತಿಂದು ಉಳಿದ ಅರ್ಧ ರೊಟ್ಟಿ, ಶೇಂಗಾ ಚಟ್ನಿ. ಕೊಟ್ಟೆ. ಆಕಿ ಮುರದು ತಿಂದು, ನೀರ ಕುಡದು, “ಕೊಟ್ಟೆ” ಅಂದ್ಲು. ಆಮ್ಯಾಲ ಬಟ್ಟ ಚೀಪಿ, “ಚಟ್ನ್ಯಾಗ ಉಪ್ಪ ಜಾಸ್ತಿ” ಅಂದ್ಲು.

ಸಂಜೀಕ ಉಪಕೇಂದ್ರದಾಗ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತೆ. ಅಲ್ಲಿನ ಹಿರೇ ಸಿಸ್ಟರ್ ಸೂಜಿ ಹಾಕಿ, ರಜಿಸ್ಟರ್ ತಗದ್ರು. “ತಾಯಿ ಹೆಸರು?”

ನನ್ನ ಹೆಸರು ಹೇಳಿದೆ.

“ಮನಿ ನಂಬರು?”

“ಹಾಸ್ಟೆಲ್, ಚಿಕ್ಕೋಡಿ.”

“ತಂದಿ?”

ನಾ ಕೂಸಿನ ಕುಂಚಿಗಿ ಸರಿ ಮಾಡಿದೆ. ಸಿಸ್ಟರ್ ಪೆನ್ ಎತ್ತಿ ನನ್ನ ಮ್ಯಾಲಿಂದ ಕೆಳಗ ನೋಡಿದ್ರು. ಅವರೂ ಅದ ಊರವರು, ಎಲ್ಲಾ ಗೊತ್ತಿತ್ತು. ತಂದಿ ಜಾಗಾಕ್ಕ ಒಂದು ಗೆರಿ ಎಳದು, “ಲಗ್ನ ಆದ ಮ್ಯಾಲ ಬಂದ ತುಂಬಸು” ಅಂದ್ರು.

ದಡಾರ ಆ ಓಣಿ ಎಲ್ಲಾ ತಿರಗಿತು. ಎಡಕ್ಕ ಬಂತು, ಬಲಕ್ಕ ಬಂತು. ಹಟ್ಟೀ ಒಳಗ ಬರಲಿಲ್ಲ. ನಾ ಗುರುವಾರ ಗುರುವಾರ ಹೋಗಿ ನನ್ನ ಕೂಸಿನ್ನ ನೋಡಿ ಬರತಿದ್ದೆ, ಬಿಟ್ಟುಹೋದ ಸೂಜಿ ಒಂದೊಂದ ಹಾಕಸತಿದ್ದೆ.

ತಾಯಿ ಯಾರು?

ಜವಳದ ದಿವಸ ಮತ್ತ ನನ್ನ ಪರೀಕ್ಷಾ ದಿವಸ ಒಂದ ಆತು. ಆಯಿ ಸ್ವಾಮಿಗೋಳನ್ನ ಕೇಳಿ ಗುರುವಾರ ಹಿಡಸಿದ್ಲು. ಪರೀಕ್ಷಕರು ಯಾರನ್ನೂ ಕೇಳದ ಗುರುವಾರ ಹಿಡದ್ರು.

ಅಂಗಳದಾಗ ಕೂಸಿನ ತಲಿ ಬೋಳಿಸಿ ಆಗಿತ್ತು. ಮಾಲಕಿ ಅಂತ ನಾನ ತೊಡಿ ಮ್ಯಾಲ ಹಿಡಕೊಂಡು ಕುಂತಿದ್ದೆ, ಅದು ಒದರಾಕತ್ತಿತ್ತು. ಆಯಿ ಮೊರದಾಗ ನುಚ್ಚ ಹಿಡಕೊಂಡು ನನ್ನ ಮುಂದ ಬಂದಿದ್ಲು. ಇನ್ನೇನು ನನ್ನ ಉಡ್ಯಾಗ ಸುರವಬೇಕು, ಜೀಪ್ ಬಂದು ನಿಂತಿತು. ಪರೀಕ್ಷಕರು ಇಳದ್ರು, ಹಿಂದ ಅಕ್ಕೋರು. ಪರೀಕ್ಷಕರ ಕೈಯಾಗ ಉಪಕೇಂದ್ರದ ರಜಿಸ್ಟರ್. ದಾರ್ಯಾಗ ಅಲ್ಲಿ ಹೊಕ್ಕು ತಪಾಸಣೆ ಮಾಡಿ ಬಂದಿದ್ರು.

“ಈ ಮಗುವಿನ ತಾಯಿ ಯಾರು?” ಅಂದ್ರು.

ಅಂಗಳದಾಗಿನ ಮಂದಿ ಎಲ್ಲಾ ನನ್ನ ಕಡೆ ತಿರಗಿದ್ರು.

“ಇಲ್ಲಿ ನಿನ್ನ ಹೆಸರಿದೆ. ಮುಂದೆ ಕುಮಾರಿ ಅಂತ ಬೇರೆ ಬರೆದಿದ್ದಾರೆ. ಯಾರೋ ತಪ್ಪಿ ಬರೆದಿರಬೇಕು. ಹೌದು ಅಂದುಬಿಡಮ್ಮ, ಇಲ್ಲೇ ತಿದ್ದಿಸೋಣ.”

ಒಂದ ಮಾತು ಅಂದಿದ್ರ ಮುಗೀತಿತ್ತು. ಆದ್ರ ನುಚ್ಚು ಇನ್ನೂ ಮೊರದಾಗನ ಇತ್ತು. ನಾ ನಂದಲ್ಲ ಅಂದ್ರ ಆ ಕೂಸು ಆ ಗಳಿಗ್ಯಾಗ ಯಾರದೂ ಅಲ್ಲ, ಬಯಲಾಗ ಬೀಳತೈತಿ ಅನ್ನೂದು ಅಲ್ಲಿದ್ದ ಎಲ್ಲಾರಿಗೂ ಗೊತ್ತಿತ್ತು. ಆಯಿ ಮೊರಾನ ಎದಿಗೆ ಒತ್ತಿ ಹಿಡಕೊಂಡಿದ್ಲು. ಸೊಸಿ ಬಾಗಲದಾಗ ಚೌಕಟ್ಟು ಹಿಡಕೊಂಡು ನಿಂತಿದ್ಲು. ನಾ ಓದಿದಾಕಿ, ಇಂಥಾದ್ದೆಲ್ಲಾ ನಂಬೂದಿಲ್ಲ. ಆದ್ರ ಅವತ್ತ ಗಾಳಿ ಇಲ್ಲದ ಕಬ್ಬಿನ್ಯಾಗ ಸರಾಸರಾ ಅಂತು. ಎಲ್ಲಾರೂ ಒಮ್ಮೆ ಆ ಕಡೆ ನೋಡಿದ್ರು. ಪರೀಕ್ಷಕರೂ ನೋಡಿದ್ರು.

ನನ್ನ ಕಣ್ಣ ಮುಂದ ನಮ್ಮಪ್ಪ ಬಂದ, ಫೋಟೋದಾಗಿನ ವರಾ ಬಂದ. ಕೂಸಿನ್ನ ಗಟ್ಟಿ ಹಿಡಕೊಂಡೆ.

“ನಾನ ರೀ ಸರ್. ನನ್ನ ಮಗ.”

ಪರೀಕ್ಷಕರ ಪೆನ್ ಕೆಳಗ ಬಿತ್ತು. ಅಕ್ಕೋರು ಕಟ್ಟಿ ಮ್ಯಾಲ ಕುಂತಬಿಟ್ರು. ಆಯಿ ಅಷ್ಟರಾಗ ನುಚ್ಚನ್ನೆಲ್ಲಾ ನನ್ನ ಉಡಿಗೆ ಸುರವಿ, “ನಿಮ್ಮ ಮಗನ್ನ ನಮಗ ಕೊಡ್ರಿ” ಅಂದ್ಲು. “ಕೊಟ್ಟೆ” ಅಂದೆ. ಎದ್ದು ಹೋಗಿ ಸೊಸಿ ಕೈಯಾಗ ಹಾಕಿದೆ.

ಆಕಿ ಕೂಸಿನ್ನ ಅವಚಿಕೊಂಡು ಬೀದಿ ಕಡೆ ನೋಡಿದ್ಲು. ಕಬ್ಬಿನ ಕಡೆ ನೋಡಿದ್ಲು. ಸ್ವಲ್ಪ ಹೊತ್ತ ಕಾದ್ಲು. ಯಾರೂ ಬರಲಿಲ್ಲ. ಸಣ್ಣ ದನಿಲೇ, “ನನ್ನ ಮಗ” ಅಂದ್ಲು. ಮತ್ತ ಕಾದ್ಲು. ಆಮ್ಯಾಲ, “ನನ್ನ ಮಗ! ನಾ ಹಡದ ಮಗ!” ಅಂತ ಒದರಿ ಬೀದಿಗೆ ಓಡಿದ್ಲು. ಒಂದ ವರ್ಷ ಒಂದ ಮಾತೂ ಆಡದಾಕಿ ಮನಿ ಮನಿ ಬಾಗಲಾ ಬಡದು ಹೇಳಾಕತ್ತಿದ್ಲು.

ಊರಿಗೆ ಊರ ಗೊತ್ತಿದ್ದ ಸುದ್ದಿ. ಆದ್ರ ಒಬ್ಬರರ ಗೊತ್ತೈತಿ ಅನ್ನಲಿಲ್ಲ. ಎಲ್ಲಾ ಬಾಗಲದಾಗೂ ಗಲ್ಲಕ್ಕ ಕೈ ಹಚ್ಚಿಕೊಂಡು ಹೆಣ್ಮಕ್ಕಳು ಹೊರಗ ಬಂದ್ರು.

“ಹೌದೇನವಾ? ಯಾವಾಗ ಹಡದಿ?”

“ಬಸರ ಇದ್ದದ್ದ ನಮಗ ಗೊತ್ತ ಇಲ್ಲ ನೋಡ!”

“ಗಂಡೋ ಹೆಣ್ಣೋ?”

ಕೂಸಿಗೆ ನಾಕ ಹಲ್ಲ ಬಂದಿದ್ವು, ತಲಿ ಬೋಳಿಸಿತ್ತು, ಒಬ್ಬಾಕಿ ಮೂಗುತಿ ಹಿಡದು ಜಗ್ಗಾಕತ್ತಿತ್ತು. ಆಕಿ ಮೂಗ ಬಿಡಿಸಿಗೋತ, “ಈಗಷ್ಟ ಹುಟ್ಟಿದಂಗ ಐತಿ!” ಅಂದ್ಲು.

ಇತ್ತ ಅಕ್ಕೋರು ಪರೀಕ್ಷಕರ ಬಾಜೂ ನಿಂತು ಸಣ್ಣ ದನಿಲೇ ಎಲ್ಲಾ ಹೇಳಾಕತ್ತಿದ್ರು. ಅವರು ಒಮ್ಮೆ ರಜಿಸ್ಟರ್ ನೋಡಿದ್ರು, ಒಮ್ಮೆ ನನ್ನ ಉಡ್ಯಾಗಿನ ನುಚ್ಚ ನೋಡಿದ್ರು. ಅಷ್ಟರಾಗ ಸೊಸಿ ಓಡಿ ಹೊಳ್ಳಿ ಬಂದ್ಲು. ಉಸರ ಹತ್ತಿತ್ತು, ಕಣ್ಣಾಗ ನೀರು. ಸೀದಾ ಪರೀಕ್ಷಕರ ಮುಂದ ನಿಂತು ಕೂಸಿನ್ನ ಎರಡೂ ಕೈಲೇ ಎತ್ತಿ ತೋರಿಸಿದ್ಲು.

“ಸಾಹೇಬ್ರ, ನನಗ ಮಗ ಹುಟ್ಯಾನ್ರಿ!”

ಪರೀಕ್ಷಕರು ರಜಿಸ್ಟರ್ ಮುಚ್ಚಿದ್ರು. ಚಷ್ಮಾ ತಗದು ಒರಸಿಕೊಂಡ್ರು. ಆಮ್ಯಾಲ ಗಲ್ಲಕ್ಕ ಕೈ ಹಚ್ಚಿಕೊಂಡು ಕೇಳಿದ್ರು, “ಹೌದೇನಮ್ಮ? ಯಾವಾಗ?”